ಮೊದಲು ಸಿಪಾಯಿ, ಆಮೇಲೆ ಅಧಿಕಾರಿ?



ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಮ್ಮ ತಂಡ ತುಮಕೂರಿಗೆ ಹೋಗಿತ್ತು. ಬೆಳಗಿನ ಬೆಳಕಿಗಾಗಿ ಕಾಯುತ್ತಾ ಮಹಾತ್ಮ ಗಾಂಧಿ ಕ್ರೀಡಾಂಗಣದ ಅಂಚಿನಲ್ಲಿ ನಿಂತಿದ್ದೆವು. ಇನ್ನೂ ಮಬ್ಬು ಹರಿದಿರಲಿಲ್ಲ. ಆಗಲೇ ಹತ್ತು ಹನ್ನೆರಡು ಹುಡುಗರು ಸುತ್ತು ಹಾಕುತ್ತಿದ್ದರು. ಮಾತನಾಡಿಸಿದೆ. ಕೆಲವರು ಗುಬ್ಬಿ ಕಡೆಯವರು, ಕೆಲವರು ಕುಣಿಗಲ್ ಕಡೆಯವರು. ನಗರದ ಹಾಸ್ಟೆಲುಗಳಲ್ಲಿದ್ದುಕೊಂಡು ಪಿ.ಯು.ಸಿ. ಓದುತ್ತಿದ್ದಾರೆ. ಎಲ್ಲರ ಗುರಿ ಒಂದೇ: ಸೈನ್ಯದ ಭರ್ತಿ. 1.6 ಕಿಲೋಮೀಟರ್ ದೂರವನ್ನು ಐದೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇತ್ತು.

ಅವರಲ್ಲಿ ಒಬ್ಬ ಏದುಸಿರು ಬಿಡುತ್ತಲೇ ಕೇಳಿದ: "ಸಾರ್, ಮೊದಲು ಸಿಪಾಯಿಯಾಗಿ ಸೇರ್ಕೊಂಡ್ಬಿಟ್ರೆ ಆಮೇಲೆ ಒಳಗಿಂದಾನೇ ಆಫೀಸರ್ ಆಗ್ಬಹುದಂತಲ್ಲ, ನಿಜಾನಾ?"

"ಆಗಬಹುದಪ್ಪಾ" ಎಂದೆ. ಅವನಿಗೆ ಸಂತೋಷವಾಯಿತು. ಮತ್ತೆ ಓಡಲು ಹೋದ. ನಾವು ಕೆಲಸ ಮುಗಿಸಿ ಬೆಂಗಳೂರಿನ ರಸ್ತೆ ಹಿಡಿದೆವು. ನೆಲಮಂಗಲ ದಾಟುವ ಹೊತ್ತಿಗೆ ನನಗೆ ಮುಜುಗರ ಶುರುವಾಯಿತು. ನಾನು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಯಾವ ವಯಸ್ಸಿನೊಳಗೆ, ಯಾವ ಬಾಗಿಲಿನಿಂದ, ಎಷ್ಟು ವರ್ಷ ಕಳೆದ ಮೇಲೆ ಎಂಬುದನ್ನು ಹೇಳದೆ ಬರಿದೆ "ಆಗಬಹುದು" ಎಂದರೆ, ಹದಿನೆಂಟು ವರ್ಷದ ಹುಡುಗನೊಬ್ಬ ಆ ಒಂದು ಮಾತಿನ ಮೇಲೆ ತನ್ನ ಬದುಕಿನ ಅತಿ ಮುಖ್ಯವಾದ ಎರಡು ಮೂರು ವರ್ಷಗಳನ್ನು ಕಳೆದುಬಿಡಬಹುದು. ಆ ಹುಡುಗನಿಗೆ ಕೊಡಬೇಕಾಗಿದ್ದ ಉಳಿದರ್ಧ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲಿಗೆ, ಸಿಪಾಯಿಯ ಕೆಲಸಕ್ಕೂ ಅಧಿಕಾರಿಯ ಕೆಲಸಕ್ಕೂ ಇರುವ ವ್ಯತ್ಯಾಸವೇನು? ಒಂದು ಚಿಕ್ಕದು, ಇನ್ನೊಂದು ದೊಡ್ಡದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಿಮ್ಮ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆ ವಿಸ್ತೀರ್ಣದ ಈ ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಇಲ್ಲಿ ತಯಾರಿಸಲೆಂದು ಮೊದಲು ಗೊತ್ತುಮಾಡಿದ್ದು ಲಘು ಉಪಯೋಗಿ ಹೆಲಿಕಾಪ್ಟರನ್ನು. ಇಂಥ ಹೆಲಿಕಾಪ್ಟರ್ ಒಂದು ಹಿಮಾಲಯದ ಎತ್ತರದ ಠಾಣೆಗೆ ಔಷಧಿ ಹೊತ್ತುಕೊಂಡು ಹೋಗುತ್ತದೆ ಎಂದುಕೊಳ್ಳಿ. ಅದನ್ನು ಹಾರಿಸುವವನು ಸೇನಾ ವೈಮಾನಿಕ ದಳದ ಅಧಿಕಾರಿ. ಹಾರುವ ಮುನ್ನ ಎಂಜಿನ್ನನ್ನು, ರೆಕ್ಕೆಗಳನ್ನು, ಒಂದೊಂದು ತಿರುಪನ್ನು ಪರೀಕ್ಷಿಸಿ "ಸಿದ್ಧ" ಎಂದು ಸಹಿ ಹಾಕುವವನು ತಾಂತ್ರಿಕ ತರಬೇತಿ ಪಡೆದ ಸೈನಿಕ. ಆ ಸಹಿಯನ್ನು ನಂಬಿ ಅಧಿಕಾರಿ ತನ್ನ ಪ್ರಾಣವನ್ನು ಪಣಕ್ಕಿಡುತ್ತಾನೆ. ಹವೆ ಕೆಟ್ಟಿದೆ, ಹೋಗಬೇಕೇ ಬೇಡವೇ ಎಂಬ ತೀರ್ಮಾನ ಮಾತ್ರ ಅಧಿಕಾರಿಯದು. ತೀರ್ಮಾನ ತಪ್ಪಿದರೆ ಉತ್ತರ ಕೊಡಬೇಕಾದವನೂ ಅವನೇ.

ಸಿಪಾಯಿ ಒಂದು ಕೆಲಸವನ್ನು ಆಳವಾಗಿ ಬಲ್ಲವನು. ಅಧಿಕಾರಿ ಹಲವರ ಕೆಲಸಕ್ಕೆ ಹೊಣೆ ಹೊತ್ತವನು. ಸಿಪಾಯಿಯ ದಾರಿಯಲ್ಲಿ ಲಾನ್ಸ್ ನಾಯಕ, ನಾಯಕ, ಹವಾಲ್ದಾರ್, ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಮೆಟ್ಟಿಲುಗಳಿವೆ. ಅಧಿಕಾರಿಯ ದಾರಿ ಲೆಫ್ಟಿನೆಂಟ್ ಪದವಿಯಿಂದ ಆರಂಭವಾಗಿ ಕ್ಯಾಪ್ಟನ್, ಮೇಜರ್, ಲೆಫ್ಟಿನೆಂಟ್ ಕರ್ನಲ್, ಕರ್ನಲ್ ಎಂದು ಮೇಲೆ ಹೋಗುತ್ತದೆ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಮೊದಲನೆಯ ಏಣಿಯ ತುದಿ ಎರಡನೆಯ ಏಣಿಯ ಬುಡಕ್ಕೆ ತಾನಾಗಿ ಸೇರಿಕೊಳ್ಳುವುದಿಲ್ಲ. ಸುಬೇದಾರನಾದವನು ಕಾಲಕ್ರಮದಲ್ಲಿ ಲೆಫ್ಟಿನೆಂಟ್ ಆಗುತ್ತಾನೆ ಎಂಬ ನಿಯಮವಿಲ್ಲ. ನಿವೃತ್ತಿಯ ಹೊತ್ತಿಗೆ ಅರ್ಹರಾದ ಕೆಲವರಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿ ಸಿಗುವುದುಂಟು. ಅದು ಸೇವೆಗೆ ಸಂದ ಮನ್ನಣೆ. ನಿಜವಾದ ಅಧಿಕಾರಿಯಾಗಲು ಒಂದು ಏಣಿಯಿಂದ ಇನ್ನೊಂದಕ್ಕೆ ಪರೀಕ್ಷೆ ಬರೆದು, ಆಯ್ಕೆಯಾಗಿ, ಹೊಸದಾಗಿ ತರಬೇತಿ ಪಡೆದು ದಾಟಬೇಕು.

ಹೀಗೆ ದಾಟಿದವರು ಇದ್ದಾರೆಯೇ? ಇದ್ದಾರೆ, ಹೆಮ್ಮೆಪಡುವಂಥವರು ಇದ್ದಾರೆ. ಡೆಹ್ರಾಡೂನಿನ ಭಾರತೀಯ ಮಿಲಿಟರಿ ಅಕಾಡೆಮಿ 1932ರಲ್ಲಿ ಆರಂಭವಾದಾಗ ಮೊದಲ ತಂಡದಲ್ಲಿ ಇದ್ದವರು 40 ಮಂದಿ. ಅವರಲ್ಲಿ 15 ಮಂದಿ ಬಹಿರಂಗ ಸ್ಪರ್ಧೆಯಿಂದ, 15 ಮಂದಿ ಸೈನ್ಯದ ಸಾಮಾನ್ಯ ಶ್ರೇಣಿಗಳಿಂದ, 10 ಮಂದಿ ದೇಶೀಯ ಸಂಸ್ಥಾನಗಳ ಪಡೆಗಳಿಂದ ಬಂದಿದ್ದರು. ಆ ಒಂದೇ ತಂಡದ ಮೂವರು ಮುಂದೆ ಮೂರು ದೇಶಗಳ ಸೇನಾ ಮುಖ್ಯಸ್ಥರಾದರು: ಭಾರತಕ್ಕೆ ಮಾಣೆಕ್‌ಷಾ, ಪಾಕಿಸ್ತಾನಕ್ಕೆ ಮೂಸಾ, ಬರ್ಮಾಕ್ಕೆ ಸ್ಮಿತ್ ಡನ್. ಮಾಣೆಕ್‌ಷಾ ನೇರವಾಗಿ ಬಂದವರು. ಉಳಿದಿಬ್ಬರೂ ಮೊದಲು ಶ್ರೇಣಿಯಲ್ಲಿ ನಿಂತು ಬಂದೂಕು ಹಿಡಿದು ಆಮೇಲೆ ಅಕಾಡೆಮಿಗೆ ಬಂದವರು.

ಸ್ವತಂತ್ರ ಭಾರತದ ಉದಾಹರಣೆ ಬೇಕೇ? ಹರಿಯಾಣದ ಹೋಷಿಯಾರ್ ಸಿಂಗ್ ಅವರು ಜಾಟ್ ರೆಜಿಮೆಂಟಿಗೆ ಸಾಮಾನ್ಯ ಸೈನಿಕರಾಗಿ ಸೇರಿದರು. ಕೆಲವು ವರ್ಷಗಳ ನಂತರ ಪರೀಕ್ಷೆ ಪಾಸು ಮಾಡಿ, 1963ರಲ್ಲಿ ಗ್ರೆನೇಡಿಯರ್ಸ್ ರೆಜಿಮೆಂಟಿನಲ್ಲಿ ಅಧಿಕಾರಿಯಾದರು. 1971ರ ಡಿಸೆಂಬರಿನಲ್ಲಿ ಬಸಂತರ್ ನದಿಯ ಕದನದಲ್ಲಿ, ಜರ್ಪಾಲ್ ಎಂಬ ನೆಲೆಯನ್ನು ಹಿಡಿದು ಉಳಿಸಿಕೊಂಡ ಕಂಪನಿಯ ಮುಖ್ಯಸ್ಥರು ಅವರೇ. ಮೈಯೆಲ್ಲ ಗಾಯವಾದರೂ ಒಂದು ಕಂದಕದಿಂದ ಇನ್ನೊಂದಕ್ಕೆ ಹೋಗುತ್ತಾ ಜವಾನರಿಗೆ ಧೈರ್ಯ ತುಂಬಿದರು. ಪರಮವೀರ ಚಕ್ರವನ್ನು ಜೀವಂತವಾಗಿದ್ದು ಸ್ವೀಕರಿಸಿದ ಕೆಲವೇ ಮಂದಿಯಲ್ಲಿ ಅವರೊಬ್ಬರು. ಕಂದಕದಲ್ಲಿ ಕುಳಿತ ಜವಾನನ ಮನಸ್ಸು ಅವರಿಗೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಕೆಳಗಿನಿಂದ ಮೇಲೆ ಬಂದವರ ಕಸುವನ್ನು ನಮ್ಮ ಜಿಲ್ಲೆಯ ಜನರಿಗೆ ಬಿಡಿಸಿ ಹೇಳಬೇಕಿಲ್ಲ. ಗುಬ್ಬಿ ವೀರಣ್ಣನವರು ಎಳೆಯ ಹುಡುಗನಾಗಿ ನಾಟಕ ಕಂಪನಿಗೆ ಸೇರಿದವರು. ಮುಂದೆ ಅದೇ ಕಂಪನಿಯ ಮಾಲೀಕರಾಗಿ ಕನ್ನಡ ರಂಗಭೂಮಿಯನ್ನೇ ಎತ್ತಿ ನಿಲ್ಲಿಸಿದರು. ಆದರೆ ನಾಟಕ ಕಂಪನಿಯಲ್ಲಿ ವಯಸ್ಸಿನ ಮಿತಿ ಇರಲಿಲ್ಲ. ಸೈನ್ಯದಲ್ಲಿ ಇದೆ. ನಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿಯೇ.

ಅಧಿಕಾರಿಯಾಗಲು ಇರುವ ಬಾಗಿಲುಗಳನ್ನು ಈಗ ವಯಸ್ಸಿನ ಕ್ರಮದಲ್ಲಿ ನೋಡೋಣ.

ಮೊದಲನೆಯ ಬಾಗಿಲು ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್.ಡಿ.ಎ. ಇದಕ್ಕೆ ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಸುತ್ತದೆ. ದ್ವಿತೀಯ ಪಿ.ಯು.ಸಿ. ಓದುತ್ತಿರುವವರೂ ಅರ್ಜಿ ಹಾಕಬಹುದು. ಭೂಸೇನೆಯ ವಿಭಾಗಕ್ಕೆ ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ಆದೀತು. ನೌಕಾಪಡೆಗೂ ವಾಯುಪಡೆಗೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ. ಭೂಸೇನೆಗೆ ಹೋಗುವವರಿಗೆ ಡೆಹ್ರಾಡೂನಿನಲ್ಲಿ ಮತ್ತೊಂದು ವರ್ಷ. ಈ ಶಿಕ್ಷಣಕ್ಕೆ ತಂದೆತಾಯಿ ಶುಲ್ಕ ಕಟ್ಟಬೇಕಾಗಿಲ್ಲ.

ಎರಡನೆಯ ಬಾಗಿಲು ಪದವೀಧರರದು. ಸಂಯುಕ್ತ ರಕ್ಷಣಾ ಸೇವಾ ಪರೀಕ್ಷೆ, ಅಂದರೆ ಸಿ.ಡಿ.ಎಸ್. ಇದೂ ವರ್ಷಕ್ಕೆ ಎರಡು ಬಾರಿ. ಡೆಹ್ರಾಡೂನ್ ಅಕಾಡೆಮಿಗೆ 24ರವರೆಗೆ, ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ 25ರವರೆಗೆ ಅವಕಾಶ. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿ "ಸಿ" ಪ್ರಮಾಣಪತ್ರವನ್ನು ಕನಿಷ್ಠ "ಬಿ" ಶ್ರೇಣಿಯಲ್ಲಿ ಪಡೆದವರಿಗೆ, ಪದವಿಯಲ್ಲಿ ಶೇಕಡ 50 ಅಂಕ ಇದ್ದರೆ, ಲಿಖಿತ ಪರೀಕ್ಷೆಯೇ ಇಲ್ಲದೆ ನೇರವಾಗಿ ಸಂದರ್ಶನಕ್ಕೆ ಹೋಗುವ ವಿಶೇಷ ಪ್ರವೇಶವೂ ಇದೆ. ತುಮಕೂರಿನ ಕಾಲೇಜುಗಳಲ್ಲಿ ಎನ್.ಸಿ.ಸಿ. ಸಮವಸ್ತ್ರ ತೊಡುವ ಎಷ್ಟು ಮಂದಿಗೆ ಈ ಸಂಗತಿ ಗೊತ್ತಿದೆಯೋ!

ಮೂರನೆಯ ಬಾಗಿಲು ಸೇವೆಯಲ್ಲಿರುವ ಸೈನಿಕರಿಗೆ ಮಾತ್ರ: ಆರ್ಮಿ ಕೆಡೆಟ್ ಕಾಲೇಜು. ಇದರ ಬೇರು 1929ರಲ್ಲಿ ನೌಗಾಂವ್‌ನಲ್ಲಿ ಶುರುವಾದ ಕಿಚನರ್ ಕಾಲೇಜಿನಲ್ಲಿದೆ. 1960ರಲ್ಲಿ ಪುಣೆಯಲ್ಲಿ ಈಗಿನ ಹೆಸರಿನಿಂದ ಆರಂಭವಾಗಿ, 1977ರಲ್ಲಿ ಡೆಹ್ರಾಡೂನಿಗೆ ಬಂತು. ಪಿ.ಯು.ಸಿ. ಪಾಸಾಗಿ, ಕನಿಷ್ಠ ಎರಡು ವರ್ಷ ಸೇವೆ ಮಾಡಿ, 20ರಿಂದ 27ರ ವಯಸ್ಸಿನೊಳಗೆ ಇರುವ ಸೈನಿಕರು ಇದಕ್ಕೆ ಪ್ರಯತ್ನಿಸಬಹುದು. ಮೂರು ವರ್ಷ ಪದವಿ ಶಿಕ್ಷಣ, ಮತ್ತೊಂದು ವರ್ಷ ಅಕಾಡೆಮಿ.

ನಾಲ್ಕನೆಯದು ಇನ್ನೂ ತಡವಾಗಿ ತೆರೆಯುವ ಬಾಗಿಲು. ಐದು ವರ್ಷ ಸೇವೆ ಮುಗಿಸಿದ, 28ರಿಂದ 35ರ ವಯಸ್ಸಿನವರಿಗೆ ವಿಶೇಷ ಅಧಿಕಾರಿ ಪ್ರವೇಶ. ಅದಾದ ಮೇಲೆ ಹತ್ತು ವರ್ಷ ಸೇವೆಯಾದವರಿಗೆ, 42ರ ಒಳಗೆ, ಉಗ್ರಾಣ, ಲೆಕ್ಕಪತ್ರದಂಥ ಕೆಲಸಗಳಿಗೆ ವಿಶೇಷ ಪಟ್ಟಿಯ ಪ್ರವೇಶ.

ಐದನೆಯದನ್ನು ಅನೇಕರು ಕೇಳಿಯೇ ಇರುವುದಿಲ್ಲ: ಪ್ರಾದೇಶಿಕ ಸೇನೆ, ಅಂದರೆ ಟೆರಿಟೋರಿಯಲ್ ಆರ್ಮಿ. ಬೇರೆ ಉದ್ಯೋಗದಲ್ಲಿದ್ದು ಸಂಪಾದಿಸುತ್ತಿರುವ ಪದವೀಧರರು 18ರಿಂದ 42ರವರೆಗೆ ಇದರಲ್ಲಿ ಅಧಿಕಾರಿಯಾಗಬಹುದು. ಉದ್ಯೋಗ ಬಿಡಬೇಕಾಗಿಲ್ಲ, ವರ್ಷದಲ್ಲಿ ನಿಗದಿಯಾದಷ್ಟು ಕಾಲ ತರಬೇತಿ, ಕರೆ ಬಂದಾಗ ಸೇವೆ. ಜೀವನದಲ್ಲಿ ತಡವಾಗಿ ಸಮವಸ್ತ್ರ ತೊಡುವ ಆಸೆ ಉಳಿದವರಿಗೆ ಇದೊಂದು ಗೌರವದ ದಾರಿ.

ಎಲ್ಲ ಬಾಗಿಲುಗಳಲ್ಲೂ ಲಿಖಿತ ಪರೀಕ್ಷೆ ಇರಲಿ ಬಿಡಲಿ, ಅಧಿಕಾರಿಗಳ ಆಯ್ಕೆ ಮಂಡಳಿ ಹಾಗೂ ವೈದ್ಯಕೀಯ ಪರೀಕ್ಷೆಯನ್ನು ದಾಟಲೇಬೇಕು. ಸೈನಿಕನೆಂದು ಅಲ್ಲಿ ರಿಯಾಯಿತಿ ಇಲ್ಲ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಹದಿನೆಂಟಕ್ಕೆ ಎನ್.ಡಿ.ಎ. ಸೇರಿದವನು 22ಕ್ಕೆ ಲೆಫ್ಟಿನೆಂಟ್. ಪದವಿ ಮುಗಿಸಿ 21 ಅಥವಾ 22ಕ್ಕೆ ಡೆಹ್ರಾಡೂನಿಗೆ ಹೋದವನು, ಅಲ್ಲಿ ಒಂದೂವರೆ ವರ್ಷದ ತರಬೇತಿಯ ನಂತರ 23 ಅಥವಾ 24ಕ್ಕೆ ಲೆಫ್ಟಿನೆಂಟ್. ಹದಿನೆಂಟಕ್ಕೆ ಸಿಪಾಯಿಯಾಗಿ ಸೇರಿ, ಎಲ್ಲವೂ ಮೊದಲ ಸಲಕ್ಕೇ ಕೂಡಿಬಂದು, 21ಕ್ಕೆ ಕೆಡೆಟ್ ಕಾಲೇಜು ಸೇರಿದವನು 25ಕ್ಕೆ ಲೆಫ್ಟಿನೆಂಟ್. 27ಕ್ಕೆ ಸೇರಿದವನು 31ಕ್ಕೆ. ಲೆಫ್ಟಿನೆಂಟ್ ಆದ ಮೇಲೆ ಕ್ಯಾಪ್ಟನ್ ಆಗಲು ಎರಡು ವರ್ಷ, ಮೇಜರ್ ಆಗಲು ಒಟ್ಟು ಆರು, ಲೆಫ್ಟಿನೆಂಟ್ ಕರ್ನಲ್ ಆಗಲು ಹದಿಮೂರು ವರ್ಷ ಸೇವೆ ಬೇಕು. ಆದ್ದರಿಂದ 35ರ ಹತ್ತಿರ ಅಧಿಕಾರಿಯಾದವನಿಗೆ ಮೇಲಿನ ಹುದ್ದೆಗಳಿಗೆ ಏರಲು ಕಾಲವೇ ಸಾಲದು. "ಆಮೇಲೆ ನೋಡೋಣ" ಎಂಬ ಮಾತಿನ ಬೆಲೆ ಎಷ್ಟೆಂದು ಈ ಲೆಕ್ಕ ಹೇಳುತ್ತದೆ.

ಇನ್ನೊಂದು ಬದಲಾವಣೆಯನ್ನೂ ತಿಳಿದಿರಬೇಕು. ನಿಮ್ಮ ಊರಿನ ನಿವೃತ್ತ ಹವಾಲ್ದಾರರು ಸೇರಿದ ಕಾಲದ ಭರ್ತಿಯೇ ಬೇರೆ. ಅವರು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಿವೃತ್ತಿ ವೇತನದೊಂದಿಗೆ ಊರಿಗೆ ಬಂದರು. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾಯಿತು. ಈ ಯೋಜನೆಯಲ್ಲಿ ಅಗ್ನಿವೀರನಾಗಿ ಸೇರಿದವನ ಸೇವೆ ನಾಲ್ಕು ವರ್ಷ. ಅದು ಮುಗಿದಾಗ ಶೇಕಡ 25ರವರೆಗೆ ಮಾತ್ರ ಕಾಯಂ ಶ್ರೇಣಿಗೆ ಆಯ್ಕೆ. ಯೋಜನೆ ಪ್ರಕಟವಾದಾಗ ಗೊತ್ತುಮಾಡಿದಂತೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಇದರಲ್ಲಿ ಶೇಕಡ 30 ಭಾಗ ನಿಧಿಗೆ ಹೋಗುತ್ತದೆ. ಮೊದಲ ವರ್ಷ ಕೈಗೆ ಬರುವುದು 21,000. ಸರ್ಕಾರವೂ ಅಷ್ಟೇ ಸೇರಿಸಿ, ಬಡ್ಡಿಯೊಂದಿಗೆ ಕೊನೆಯಲ್ಲಿ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಸಿಗುತ್ತದೆ. ಈ ನಾಲ್ಕು ವರ್ಷಕ್ಕೆ ನಿವೃತ್ತಿ ವೇತನವಿಲ್ಲ.

ಇದರ ಅರ್ಥವೇನು? ಹಿಂದೆ "ಮೊದಲು ಸೇರು, ಆಮೇಲೆ ನಿಧಾನವಾಗಿ ಅಧಿಕಾರಿಯಾಗು" ಎಂದು ಹಿರಿಯರು ಹೇಳುತ್ತಿದ್ದಾಗ ಆ "ಆಮೇಲೆ"ಗೆ ಹದಿನೈದು ವರ್ಷಗಳ ವಿಸ್ತಾರ ಇತ್ತು. ಅಗ್ನಿವೀರನಿಗೆ ಅಷ್ಟು ವಿಸ್ತಾರದ ಭರವಸೆ ಇಲ್ಲ. ಮೇಲೆ ಹೇಳಿದ ಮೂರನೆಯ, ನಾಲ್ಕನೆಯ ಬಾಗಿಲುಗಳು ಕಾಯಂ ಶ್ರೇಣಿಯ ಸೈನಿಕರನ್ನು ಗಮನದಲ್ಲಿಟ್ಟು ಬೆಳೆದು ಬಂದವು. ಆದ್ದರಿಂದ ಭರ್ತಿಗೆ ಹೊರಡುವ ಮುನ್ನವೇ, ಆ ವರ್ಷದ ಅಧಿಸೂಚನೆಯನ್ನು ಪೂರ್ತಿ ಓದಿ, ಅಗ್ನಿವೀರನಾಗಿರುವಾಗ ಯಾವ ಬಾಗಿಲಿಗೆ ಅರ್ಜಿ ಹಾಕಬಹುದು ಎಂದು ಬೆಂಗಳೂರಿನ ಸೇನಾ ನೇಮಕಾತಿ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಊರಿನ ಮಾತನ್ನೂ ತರಬೇತಿ ಕೇಂದ್ರದ ಕರಪತ್ರವನ್ನೂ ನಂಬಿ ಹೊರಡಬೇಡಿ.

ಹಾಗಾದರೆ ಅಗ್ನಿವೀರನಾದವನಿಗೆ ದಾರಿ ಮುಚ್ಚಿತೇ? ಇಲ್ಲ. ಹದಿನೆಂಟಕ್ಕೆ ಸೇರಿದವನು 22ಕ್ಕೆ ಹೊರಬರುತ್ತಾನೆ. ಅಷ್ಟರೊಳಗೆ ಪದವಿ ಮುಗಿದಿದ್ದರೆ 24 ತುಂಬುವ ಮುನ್ನ ಸಿ.ಡಿ.ಎಸ್. ಪರೀಕ್ಷೆಗೆ ಎರಡು ಮೂರು ಬಾರಿಯಾದರೂ ಕೂರಬಹುದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಅಗ್ನಿವೀರರಿಗಾಗಿಯೇ ಮೂರು ವರ್ಷದ ಪದವಿ ರೂಪಿಸಿದೆ. ಅದರ ಅರ್ಧದಷ್ಟು ಅಂಕಮಾನ ಸೈನ್ಯದ ತರಬೇತಿಯಿಂದಲೇ ಬರುತ್ತದೆ. ಎಸ್.ಎಸ್.ಎಲ್.ಸಿ. ಮುಗಿಸಿ ಸೇರಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹನ್ನೆರಡನೆಯ ತರಗತಿ ಪೂರೈಸಬಹುದು. ಆದರೆ 21ಕ್ಕೆ ಸೇರಿದವನು ಹೊರಬರುವುದು 25ಕ್ಕೆ. ಡೆಹ್ರಾಡೂನಿನ ಬಾಗಿಲು ಆಗಲೇ ಮುಚ್ಚಿರುತ್ತದೆ. ಒಂದೇ ಕೆಲಸ, ಒಂದೇ ಸಂಬಳ, ಮೂರು ವರ್ಷದ ವ್ಯತ್ಯಾಸ. ಒಬ್ಬನಿಗೆ ದಾರಿ ಇದೆ, ಇನ್ನೊಬ್ಬನಿಗೆ ಇಲ್ಲ.

ಕುಣಿಗಲ್ಲಿನ ಕುದುರೆ ಫಾರಂ ನಿಮಗೆಲ್ಲ ಗೊತ್ತು. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಒದಗಿಸಿದ ಜಾಗ ಅದು. ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಪಂದ್ಯದ ಕುದುರೆಗಳ ವಿಷಯದಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಮರಿ ವರ್ಷದ ಯಾವ ತಿಂಗಳು ಹುಟ್ಟಿರಲಿ, ಅದರ ವಯಸ್ಸನ್ನು ಜನವರಿ 1ರಿಂದ ಎಣಿಸುತ್ತಾರೆ. ತಡವಾಗಿ ಹುಟ್ಟಿದ ಮರಿಯೂ ಮೊದಲು ಹುಟ್ಟಿದ ಮರಿಯ ಜೊತೆಗೇ ಓಡಬೇಕು. ಲೋಕಸೇವಾ ಆಯೋಗವೂ ಹೀಗೆಯೇ: ಇಂಥ ತಾರೀಖಿನಿಂದ ಇಂಥ ತಾರೀಖಿನೊಳಗೆ ಹುಟ್ಟಿದವರು ಎಂದು ಗೆರೆ ಎಳೆದುಬಿಡುತ್ತದೆ. ಒಂದು ದಿನ ಹೆಚ್ಚಾದರೂ ಅರ್ಜಿ ತಿರಸ್ಕೃತ. ಅದು ನೋಡುವುದು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವ ಜನ್ಮದಿನಾಂಕವನ್ನು. ನಮ್ಮ ಹಳ್ಳಿಗಳಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನಲ್ಲಿ ಜೂನ್ ತಿಂಗಳ ಒಂದು ತಾರೀಖು ಬರೆದುಕೊಂಡದ್ದು ಎಷ್ಟೋ ಮನೆಗಳ ಕಥೆ. ನಿಮ್ಮ ತಾಯಿಗೆ ನೆನಪಿರುವ ಹಬ್ಬದ ದಿನ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇಂದೇ ಅಂಕಪಟ್ಟಿ ತೆಗೆದು ನೋಡಿ, ನಿಮಗೆ ಹತ್ತೊಂಬತ್ತೂವರೆ ಎಂದು ತುಂಬುತ್ತದೆ, ಇಪ್ಪತ್ತನಾಲ್ಕು ಎಂದು ತುಂಬುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಎನ್.ಡಿ.ಎ. ಎಂಬ ಹೆಸರನ್ನು ನಾನು ಮೊದಲು ಸರಿಯಾಗಿ ಕೇಳಿದ್ದು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ. ಗ್ರಂಥಾಲಯದಲ್ಲಿ ಪತ್ರಿಕೆ ತಿರುವುವಾಗ ಪ್ರಕಟಣೆ ಕಣ್ಣಿಗೆ ಬಿತ್ತು. ವಯಸ್ಸಿನ ಸಾಲು ಓದಿದೆ. ನಾಲ್ಕು ತಿಂಗಳು ದಾಟಿಹೋಗಿತ್ತು. ಪಾಸಾಗುತ್ತಿದ್ದೆನೋ ಇಲ್ಲವೋ, ಆ ಮಾತು ಬೇರೆ. ಬಾಗಿಲು ಇತ್ತು ಎಂದೇ ಗೊತ್ತಿಲ್ಲದೆ ಅದು ಮುಚ್ಚಿಹೋದದ್ದು ಇಂದಿಗೂ ಮನಸ್ಸಿನಲ್ಲಿ ಉಳಿದಿದೆ.

ಕ್ರೀಡಾಂಗಣದ ಆ ಹುಡುಗರನ್ನು ಇನ್ನೊಂದು ಮಾತು ಕೇಳಿದ್ದೆ: "ನೇರವಾಗಿ ಅಧಿಕಾರಿ ಪರೀಕ್ಷೆಗೆ ಯಾಕೆ ಕೂರಬಾರದು?" ಉತ್ತರ ಒಂದೇ: "ಇಂಗ್ಲಿಷ್ ಬರಲ್ಲ ಸಾರ್. ಅದೆಲ್ಲ ಕಾನ್ವೆಂಟಿನವರಿಗೆ." ಮಿತ್ರರೆ, ನಿಜವಾದ ತೊಡಕು ಇಲ್ಲಿದೆ. ಅನೇಕರು ಸಿಪಾಯಿಯ ದಾರಿಯನ್ನು ಆರಿಸಿಕೊಳ್ಳುತ್ತಿಲ್ಲ. ಇಂಗ್ಲಿಷಿನ ಭಯ ಅವರ ಪರವಾಗಿ ಆರಿಸಿಕೊಡುತ್ತಿದೆ.

ಭಯವನ್ನು ಅಂಕಿಗಳಿಂದ ಅಳೆಯೋಣ. ಎನ್.ಡಿ.ಎ. ಲಿಖಿತ ಪರೀಕ್ಷೆ 900 ಅಂಕಗಳದು. ಅದರಲ್ಲಿ ಗಣಿತಕ್ಕೆ 300. ಇಂಗ್ಲಿಷಿಗೆ 200. ಉಳಿದ 400 ಅಂಕ ಭೌತಶಾಸ್ತ್ರ, ರಸಾಯನಶಾಸ್ತ್ರ, ಸಾಮಾನ್ಯ ವಿಜ್ಞಾನ, ಇತಿಹಾಸ, ಭೂಗೋಳ, ಪ್ರಚಲಿತ ವಿದ್ಯಮಾನಗಳಿಗೆ. ಅಂದರೆ ಇಂಗ್ಲಿಷಿಗಿಂತ ಗಣಿತಕ್ಕೆ ಹೆಚ್ಚು ತೂಕ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ, ಅದು ನಿಜ. ಆದರೆ ಎಲ್ಲವೂ ಸರಿ ಉತ್ತರ ಗುರುತಿಸುವ ಮಾದರಿ. ಗುಬ್ಬಿಯ ಸರ್ಕಾರಿ ಶಾಲೆಯಲ್ಲಿ ಗಣಿತವನ್ನು ಅರ್ಥ ಮಾಡಿಕೊಂಡು ಕಲಿತವನು ಈ 300ರಲ್ಲಿ ಯಾರಿಗೂ ಹಿಂದೆ ಬೀಳಬೇಕಾಗಿಲ್ಲ.

ನಂತರದ್ದು ಆಯ್ಕೆ ಮಂಡಳಿ. ಇದರ ಒಂದು ಕೇಂದ್ರ ಬೆಂಗಳೂರಿನಲ್ಲೇ ಇದೆ, ವಾಯುಪಡೆಯದು ಮೈಸೂರಿನಲ್ಲಿ. ಐದು ದಿನ ನಿಮ್ಮನ್ನು ಅಲ್ಲಿಯೇ ಇರಿಸಿಕೊಂಡು ಪರೀಕ್ಷಿಸುತ್ತಾರೆ. ಚಿತ್ರ ತೋರಿಸಿ ಕಥೆ ಬರೆಸುತ್ತಾರೆ. ಹಲಗೆ, ಹಗ್ಗ, ಪೀಪಾಯಿ ಕೊಟ್ಟು ಗುಂಪಾಗಿ ಅಡೆತಡೆ ದಾಟಿಸುತ್ತಾರೆ. ಮಾತನಾಡಿಸುತ್ತಾರೆ. ಅವರು ಹುಡುಕುವುದು ಹದಿನೈದು ಗುಣಗಳನ್ನು: ಯೋಚಿಸುವ ಶಕ್ತಿ, ಹೊಣೆಗಾರಿಕೆ, ಸಹಕಾರ, ಧೈರ್ಯ, ತಾಳ್ಮೆಯಿಂದ ಕೂಡಿದ ದೃಢತೆ ಇತ್ಯಾದಿ. ಮಾತಿನ ಸಾಮರ್ಥ್ಯ ಆ ಹದಿನೈದರಲ್ಲಿ ಒಂದು. ಬೋರ್‌ವೆಲ್ ಕೆಟ್ಟ ರಾತ್ರಿ ಅಪ್ಪನ ಜೊತೆ ಪೈಪು ಎತ್ತಿದವನು, ಊರಹಬ್ಬದಲ್ಲಿ ನೂರು ಮಂದಿಗೆ ಊಟ ಬಡಿಸುವ ಹುಡುಗರನ್ನು ಹುರಿದುಂಬಿಸಿದವನು, ಹಲಗೆ ಹಗ್ಗದ ಮುಂದೆ ಬೆಚ್ಚಬೇಕಾದ ಕಾರಣವಿಲ್ಲ. ಸರಳವಾದ, ತಪ್ಪಾದರೂ ತಡವರಿಸದ ಇಂಗ್ಲಿಷನ್ನು ಪಿ.ಯು.ಸಿ.ಯ ಎರಡು ವರ್ಷದಲ್ಲಿ ಕಲಿಯಬಹುದು. ದಿನಕ್ಕೆ ಅರ್ಧ ಗಂಟೆ ಪತ್ರಿಕೆ ಗಟ್ಟಿಯಾಗಿ ಓದಿ. ಇಬ್ಬರು ಗೆಳೆಯರು ಸೇರಿ ಹತ್ತು ನಿಮಿಷ ಇಂಗ್ಲಿಷಿನಲ್ಲೇ ಮಾತಾಡಿ, ನಗುವವರು ನಗಲಿ. ಇಂಗ್ಲಿಷನ್ನು ಮೂವತ್ತಕ್ಕೂ ಕಲಿಯಬಹುದು. ಹತ್ತೊಂಬತ್ತೂವರೆ ವಯಸ್ಸು ಮತ್ತೆ ಬರುವುದಿಲ್ಲ.

ವಿದ್ಯಾರ್ಥಿನಿಯರಿಗೂ ಒಂದು ಮಾತು. 2021ರ ಸುಪ್ರೀಂ ಕೋರ್ಟಿನ ಆದೇಶದ ನಂತರ ಎನ್.ಡಿ.ಎ. ಬಾಗಿಲು ನಿಮಗೂ ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡದ 17 ಯುವತಿಯರು 2025ರ ಮೇ ತಿಂಗಳಲ್ಲಿ ಅಲ್ಲಿಂದ ಉತ್ತೀರ್ಣರಾಗಿ ಹೊರಬಂದರು. ಸೈನಿಕರ ಶ್ರೇಣಿಯಲ್ಲಿ, ಮಿಲಿಟರಿ ಪೊಲೀಸ್ ದಳದ ಮೊದಲ 83 ಮಹಿಳೆಯರು 2021ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಮೇಲೆ ಹೇಳಿದ ಎನ್.ಡಿ.ಎ. ವಯಸ್ಸಿನ ಲೆಕ್ಕ ನಿಮಗೂ ಅನ್ವಯಿಸುತ್ತದೆ.

ಇಷ್ಟೆಲ್ಲ ಕೇಳಿ "ಹಾಗಾದರೆ ಸಿಪಾಯಿಯಾಗಿ ಸೇರಬೇಡಿ ಎನ್ನುತ್ತೀರಾ?" ಎಂದು ಕೇಳಬಹುದು. ಖಂಡಿತ ಇಲ್ಲ. ಮನೆಯ ಪರಿಸ್ಥಿತಿ ಎಲ್ಲರದೂ ಒಂದೇ ಅಲ್ಲ. ತೆಂಗಿನ ತೋಟಕ್ಕೆ ಸಾಲ ಬಿದ್ದಿದೆ, ತಂಗಿಯ ಓದು ನಿಂತುಹೋಗುವಂತಿದೆ, ಈ ವರ್ಷವೇ ಮನೆಗೆ ಸಂಬಳ ಬರಬೇಕು ಎನ್ನುವವನಿಗೆ ಮೂರು ವರ್ಷ ಪದವಿ ಓದು ಎಂದು ಉಪದೇಶಿಸುವುದು ಸುಲಭ, ಬದುಕುವುದು ಕಷ್ಟ. ಸೇರುವುದೇ ಸರಿಯಾದರೆ ಸೇರಿ. 2025ರಿಂದ ಭರ್ತಿಯ ಲಿಖಿತ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯುವ ಅವಕಾಶವಾಗಿದೆ. ಆದರೆ ನಾಲ್ಕು ಮಾತು ನೆನಪಿಡಿ. ಸಾಧ್ಯವಾದರೆ ದ್ವಿತೀಯ ಪಿ.ಯು.ಸಿ. ಮುಗಿಸಿಯೇ ಹೊರಡಿ. ಸೇರಿದ ಮೇಲೆ ಮೊದಲ ಅವಕಾಶದಲ್ಲೇ ಪದವಿಗೆ ನೋಂದಾಯಿಸಿ. ನಿಮ್ಮ ವಯಸ್ಸಿನ ಗೆರೆಗಳನ್ನು ಬರೆದ ಚೀಟಿಯನ್ನು ಪೆಟ್ಟಿಗೆಯ ಒಳಮುಚ್ಚಳಕ್ಕೆ ಅಂಟಿಸಿಕೊಳ್ಳಿ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಮೊದಲು ಒಳ್ಳೆಯ ಸಿಪಾಯಿಯಾಗಿ. ಸೇವೆಯಲ್ಲಿರುವವನ ಅರ್ಜಿ ಹೋಗುವುದು ಅವನ ಘಟಕದ ಮುಖ್ಯಸ್ಥರ ಮೂಲಕ. ಸಿಪಾಯಿಗಿರಿಯನ್ನು ಬಸ್ ನಿಲ್ದಾಣದ ಬೆಂಚಿನಂತೆ ಕಂಡವನಿಗೆ ಅವರು ಯಾವ ಮಾತು ಬರೆದಾರು?

ಅಧಿಕಾರಿಯಾಗದೆ ಉಳಿದವನು ಸೋತವನೆಂದು ತಿಳಿಯುವುದೂ ತಪ್ಪು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಲಾನ್ಸ್ ನಾಯಕರಾಗಿದ್ದರು. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಆರು ದಿನ ಜೀವ ಹಿಡಿದುಕೊಂಡಿದ್ದ ಆ ಯೋಧನಿಗಾಗಿ ಇಡೀ ದೇಶ ಪ್ರಾರ್ಥಿಸಿತು. ಅವರು ಅಗಲಿದಾಗ ಅತ್ತಿತು. ಅವರ ಭುಜದ ಮೇಲೆ ಎಷ್ಟು ನಕ್ಷತ್ರಗಳಿದ್ದವು ಎಂದು ಯಾರೂ ಕೇಳಲಿಲ್ಲ. 1999ರಲ್ಲಿ ಟೈಗರ್ ಹಿಲ್ ಏರಿದ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಆಗ 19 ವರ್ಷ. ಅವರು ಗ್ರೆನೇಡಿಯರ್, ಅಂದರೆ ಸಿಪಾಯಿ ದರ್ಜೆಯವರು. ದೇಶದ ಅತ್ಯುನ್ನತ ಶೌರ್ಯ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು.

ಕಣದಲ್ಲಿ ರಾಗಿ ತೂರುವವರನ್ನು ನೀವು ನೋಡಿದ್ದೀರಿ. "ಗಾಳಿ ಬಂದಾಗ ತೂರಿಕೋ" ಎಂದು ನಮ್ಮ ಹಿರಿಯರು ಹೇಳಿದ್ದು ಅವಸರ ಮಾಡು ಎಂಬ ಅರ್ಥದಲ್ಲಲ್ಲ. ಗಾಳಿ ಯಾವಾಗ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ತಿಳಿದಿರು ಎಂಬ ಅರ್ಥದಲ್ಲಿ. ಹದಿನೇಳರಿಂದ ಹತ್ತೊಂಬತ್ತೂವರೆ ಒಂದು ಗಾಳಿ. ಇಪ್ಪತ್ತರಿಂದ ಇಪ್ಪತ್ತನಾಲ್ಕು ಇನ್ನೊಂದು. ಮೊದಲು ಅಧಿಕಾರಿಯ ಪರೀಕ್ಷೆ ಬರೆಯಿರಿ. ಒಮ್ಮೆ ಅಲ್ಲ, ವಯಸ್ಸು ಬಿಡುವಷ್ಟು ಸಲ. ಅದರ ಜೊತೆಗೇ ಓಟವನ್ನೂ ಬಿಡಬೇಡಿ. ಗಟ್ಟಿಯಾದ ಕಾಲುಗಳು ಎರಡೂ ದಾರಿಗೆ ಬೇಕು. ಆಮೇಲೆ ಸಿಪಾಯಿಯಾಗಿ ಸೇರಿದರೆ ಅದು ನೀವೇ ತಿಳಿದು ಆರಿಸಿಕೊಂಡ ದಾರಿಯಾಗಿರುತ್ತದೆ.

ಆ ದಿನ ಕ್ರೀಡಾಂಗಣದಲ್ಲಿ ಪ್ರಶ್ನೆ ಕೇಳಿದ ಹುಡುಗನ ಹೆಸರನ್ನು ನಾನು ಕೇಳಿಕೊಳ್ಳಲಿಲ್ಲ. ಈ ಮಾತುಗಳು ಅವನ ಕೈಗೂ ಸಿಗಲಿ. ಅವನಿಗೆ ಹತ್ತೊಂಬತ್ತೂವರೆ ತುಂಬುವ ಮೊದಲೇ ಸಿಗಲಿ.